ಕ್ಯೋಟೊದ ತೇರು, ರೀಲು ಕ್ಯಾಮೆರಾ

ಪಿಡುಗಿನ ಹೆದರಿಕೆಯಿಂದ ಹುಟ್ಟಿದ ಹಬ್ಬಗಳಿಗೆ ಅವುಗಳದೇ ಒಂದು ಗಾಂಭೀರ್ಯ ಇರುತ್ತದೆ. ಬತ್ತಾಸು, ಬಲೂನು, ತೊಟ್ಟಿಲು ಎಲ್ಲ ಬಂದು ಸೇರಿಕೊಂಡರೂ ತಳದಲ್ಲಿ ‘ತಾಯೀ, ಈ ವರ್ಷ ಕಾಪಾಡು’ ಎಂಬ ಮೊರೆ ಉಳಿದೇ ಇರುತ್ತದೆ. ಶಿರಸಿಯಲ್ಲಿ ಹುಟ್ಟಿ ಬೆಳೆದ ನನಗೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಎರಡು ವರ್ಷಕ್ಕೊಮ್ಮೆ ಮಾರಿಕಾಂಬೆ ರಥವೇರಿ ಬಿಡಕಿಬೈಲಿನ ಗದ್ದುಗೆಗೆ ಬರುವಾಗ, ಅಲ್ಲಿಯವರೆಗೆ ಗಲಗಲ ಮಾತಾಡುತ್ತಿದ್ದ ನಮ್ಮ ಆಯಿ ಒಮ್ಮೆಗೇ ಮೌನವಾಗಿ ಕೈ ಮುಗಿಯುತ್ತಿದ್ದಳು. ಸಿಡುಬಿನ ಕಾಲವನ್ನು ಕಣ್ಣಾರೆ ಕಂಡ ಮನೆಯವಳು ಅವಳು.

ಕ್ಯೋಟೊದ ಗಿಯೋನ್ ಹಬ್ಬದ ಕಥೆ ಕೇಳಿದಾಗ ಅದು ದೂರದ ದೇಶದ್ದು ಅನ್ನಿಸದೇ ಇದ್ದದ್ದು ಇದಕ್ಕೇ. ಕ್ರಿ.ಶ. 869ರಲ್ಲಿ ಜಪಾನಿನಲ್ಲಿ ಸಾಂಕ್ರಾಮಿಕ ರೋಗ ಹಬ್ಬಿತ್ತು. ದೇಶದ ಪ್ರಾಂತ್ಯಗಳ ಲೆಕ್ಕಕ್ಕೆ ಸರಿಯಾಗಿ 66 ಈಟಿಗಂಬಗಳನ್ನು ನಿಲ್ಲಿಸಿ, ಗಿಯೋನ್ ದೇವರ ಪಲ್ಲಕ್ಕಿ ಹೊರಡಿಸಿ, ರೋಗ ತಂದ ಶಕ್ತಿಗಳನ್ನು ಶಾಂತ ಮಾಡಿದರು ಎಂಬುದು ಹಬ್ಬದ ಮೂಲಕಥೆ. ಆ ಈಟಿಯೇ ಬೆಳೆಯುತ್ತ ಬೆಳೆಯುತ್ತ ‘ಹೊಕೊ’ ಎಂಬ ಬೃಹತ್ ರಥವಾಯಿತು. ಸಣ್ಣವು ‘ಯಾಮಾ’. ದೊಡ್ಡ ಹೊಕೊ ಎಂದರೆ ನೆಲದಿಂದ ತುದಿಯವರೆಗೆ ಸುಮಾರು 25 ಮೀಟರ್ ಎತ್ತರ, 12 ಟನ್ ತೂಕ, ಆಳೆತ್ತರವನ್ನೂ ಮೀರುವ ಮರದ ಗಾಲಿಗಳು. 1467ರಲ್ಲಿ ಶುರುವಾದ ಓನಿನ್ ಯುದ್ಧದಲ್ಲಿ ನಗರ ಸುಟ್ಟು ಹಬ್ಬ ನಿಂತುಹೋಯಿತು. 1500ರಲ್ಲಿ ಮತ್ತೆ ಎದ್ದಿತು. ಎಬ್ಬಿಸಿದವರು ಪೇಟೆಯ ವ್ಯಾಪಾರಿಗಳು. ಇವತ್ತಿಗೂ ಒಂದೊಂದು ರಥ ಒಂದೊಂದು ಕೇರಿಯ ಸ್ವತ್ತು. ಕೇರಿಯವರೇ ಕಟ್ಟುತ್ತಾರೆ, ಕೇರಿಯವರೇ ಕಾಯುತ್ತಾರೆ.

ಆ ಹಬ್ಬವನ್ನು ಕಣ್ಣಾರೆ ನೋಡುವ ಅವಕಾಶವೂ ನನಗೆ ಬಂತು. ಗಂಡನ ಕೆಲಸ ಆಗ ಒಸಾಕಾದಲ್ಲಿ. ನಾವು ಮನೆ ಮಾಡಿದ್ದು ಕ್ಯೋಟೊದಲ್ಲಿ. ಅದು 2014. ಎಲ್ಲರ ಕೈಯಲ್ಲೂ ಡಿಜಿಟಲ್ ಕ್ಯಾಮೆರಾ, ಇಲ್ಲವಾದರೆ ಫೋನು. ನನ್ನ ಹೆಗಲಲ್ಲಿ ಇದ್ದದ್ದು ನಿಕಾನ್ ಎಫ್‌ಎಂ2. 1982ರಲ್ಲಿ ಮೊದಲು ಮಾರುಕಟ್ಟೆಗೆ ಬಂದ ಈ ಕ್ಯಾಮೆರಾದಲ್ಲಿ ಎಲ್ಲವೂ ಹಲ್ಲುಚಕ್ರ ಮತ್ತು ಸ್ಪ್ರಿಂಗಿನ ಕೆಲಸ. ಬೆಳಕು ಅಳೆಯುವ ಮೀಟರಿಗೆ ಮಾತ್ರ ಬಟನ್ನಿನಂಥ ಸಣ್ಣ ಸೆಲ್ಲು ಬೇಕು. ಅದು ಸತ್ತರೂ ಶಟರ್ ಬಡಿಯುತ್ತಲೇ ಇರುತ್ತದೆ. ಹಳೆ ಕ್ಯಾಮೆರಾದ ಅಂಗಡಿಯೊಂದರಲ್ಲಿ ಅದನ್ನು ಕೈಗೆತ್ತಿಕೊಂಡು, ಲಿವರ್ ಎಳೆದು, ಗುಂಡಿ ಒತ್ತಿದಾಗ ಬಂದ ಲೋಹದ ಗಟ್ಟಿ ಸದ್ದಿಗೆ ನಾನು ಸೋತುಹೋದೆ. ಜೊತೆಗೆ ಒಂದು 50 ಎಂಎಂ ಲೆನ್ಸು. ಬೇರೆ ಏನೂ ಬೇಕು ಅನ್ನಿಸಲಿಲ್ಲ.

ಈ ಸದ್ದು ನನಗೆ ಹೊಸದೇನೂ ಆಗಿರಲಿಲ್ಲ. ಕಾಲೇಜಿನ ದಿನಗಳಲ್ಲಿ ನಮ್ಮೂರಿನ ಸ್ಟುಡಿಯೋವೊಂದಕ್ಕೆ ಸಂಜೆ ಹೊತ್ತು ಹೋಗಿ ಕೂರುತ್ತಿದ್ದೆ. ಅದರ ಯಜಮಾನರನ್ನು ನಾವೆಲ್ಲ ಅಣ್ಣ ಎನ್ನುತ್ತಿದ್ದೆವು. ಮದುವೆ, ಉಪನಯನ, ಪಾಸ್‌ಪೋರ್ಟ್ ಫೋಟೊ, ಜಾತ್ರೆ ಬಂದರೆ ಬಯಲಿನಲ್ಲಿ ಪರದೆ ಕಟ್ಟಿ ಅಂಗಡಿ. ಇದು ಅವರ ಬದುಕು. ತೊಳೆದು ಒಣಗಿಸಿದ ನೆಗೆಟಿವ್ ಪಟ್ಟಿಯನ್ನು ಕಿಟಕಿಗೆ ಹಿಡಿದು, “ನೋಡು ತಂಗಿ, ಇಲ್ಲಿ ಕಪ್ಪು ಕಂಡಲ್ಲೆಲ್ಲ ಅಲ್ಲಿ ಬೆಳಕಿತ್ತು. ಮೊದಲು ಇದನ್ನು ಓದುವುದು ಕಲಿ. ಪ್ರಿಂಟು ಆಮೇಲಿನ ಮಾತು” ಎನ್ನುತ್ತಿದ್ದರು. ಕೆಂಪು ಬಲ್ಬಿನ ಕೋಣೆಯಲ್ಲಿ ಟ್ರೇಯೊಳಗಿನ ಬಿಳಿ ಕಾಗದದ ಮೇಲೆ ಮದುಮಗಳ ಕೂದಲು ಮೊದಲು ಮೂಡಿ, ಆಮೇಲೆ ಕಣ್ಣು, ಆಮೇಲೆ ಮುಖ ಬರುತ್ತಿದ್ದುದನ್ನು ಎಷ್ಟು ನೋಡಿದರೂ ನನಗೆ ಸಾಕೆನಿಸಿರಲಿಲ್ಲ. ಆಗ ಊಟಿಯ ಹಿಂದೂಸ್ತಾನ್ ಫೋಟೊ ಫಿಲ್ಮ್ಸ್ ಕಾರ್ಖಾನೆಯ ‘ಇಂದು’ ಕಪ್ಪುಬಿಳುಪು ಫಿಲ್ಮು ಸಿಗುತ್ತಿತ್ತು. ಕಲಿಯುವವರ ಕೈಗೆ ಅವರು ಕೊಡುತ್ತಿದ್ದುದೂ ಅದನ್ನೇ.

ಕ್ಯೋಟೊದಲ್ಲಿ ಜುಲೈ ತಿಂಗಳಿಡೀ ಹಬ್ಬ. ಪ್ರವಾಸಿಗರು ನೋಡುವುದು 17ರ ಮೆರವಣಿಗೆ ಮತ್ತು ಅದರ ಹಿಂದಿನ ಸಂಜೆಗಳ ದೀಪ. ನನ್ನನ್ನು ಹಿಡಿದು ನಿಲ್ಲಿಸಿದ್ದು ಅದಕ್ಕೂ ಮೊದಲಿನ, 10ನೇ ತಾರೀಖಿನಿಂದ ಶುರುವಾಗುವ ಕಟ್ಟೋಣದ ದಿನಗಳು. ಉಗ್ರಾಣದಿಂದ ತೊಲೆಗಳು ಹೊರಗೆ ಬರುತ್ತವೆ. ಬ್ಯಾಂಕು, ಬಟ್ಟೆ ಅಂಗಡಿ, ಕಾಫಿ ಹೋಟೆಲುಗಳ ನಡುವೆ, ನಡುಬೀದಿಯಲ್ಲೇ ರಥದ ಹಂದರ ಏಳುತ್ತದೆ. ಒಂದು ಮೊಳೆ ಇಲ್ಲ. ಮರಕ್ಕೆ ಮರ ಸೇರಿಸಿ ಹುಲ್ಲಿನ ಹಗ್ಗದಿಂದ ಬಿಗಿಯುತ್ತಾರೆ. ಓಡುವಾಗ ರಥ ನಾಲ್ಕೂ ಕಡೆ ಓಲಾಡಬೇಕಲ್ಲ, ಮೊಳೆ ಹೊಡೆದರೆ ಮರ ಸೀಳುತ್ತದೆ. ಹಗ್ಗವಾದರೆ ಆ ಓಲಾಟವನ್ನು ತಾನು ನುಂಗಿಕೊಳ್ಳುತ್ತದೆ. ಬಿಗಿದ ಹಗ್ಗದ ಸಾಲುಗಳು ಕೊನೆಗೆ ನೇಯ್ದ ಬಟ್ಟೆಯಷ್ಟು ಅಚ್ಚುಕಟ್ಟಾಗಿ ಕಾಣುತ್ತವೆ. ಮೆರವಣಿಗೆಯ ದಿನ ಅದರ ಮೇಲೆ ಜರಿಬಟ್ಟೆ, ರತ್ನಗಂಬಳಿ ಇಳಿಬಿಡುವುದರಿಂದ ಆ ಕೈಕೆಲಸ ಯಾರಿಗೂ ಕಾಣುವುದೇ ಇಲ್ಲ. ಕಾಣದ ಕೆಲಸಕ್ಕೆ ಅಷ್ಟು ಅಂದ ಯಾಕೆ ಕೊಡುತ್ತಾರೆ ಎಂದು ನಾನು ಕೇಳಲಿಲ್ಲ. ನೋಡುತ್ತ ನಿಂತರೆ ಉತ್ತರ ತಾನಾಗಿ ತಿಳಿಯುತ್ತಿತ್ತು.

ಹಗ್ಗ ಕಟ್ಟುವ ಗುಂಪಿನ ಹಿರಿಯರೊಬ್ಬರು ಎರಡು ಗಂಟುಗಳ ನಡುವೆ ಬೆನ್ನು ನೆಟ್ಟಗೆ ಮಾಡಿ ನನ್ನ ಕಡೆ ನೋಡಿದರು. ನಾನು ಬಹಳ ಹೊತ್ತಿನಿಂದ ಅಲ್ಲೇ ನಿಂತಿದ್ದೆ. ಒಂದೋ ಎರಡೋ ಸಲ ಮಾತ್ರ ಶಟರ್ ಬಡಿದಿತ್ತು.

“ಅದು ಫಿಲ್ಮ್ ಕ್ಯಾಮೆರಾ ಅಲ್ಲವಾ? ಸದ್ದಿನಲ್ಲೇ ಗೊತ್ತಾಯಿತು,” ಎಂದರು.

ಹೌದೆಂದೆ. ಕೈ ಒರೆಸಿಕೊಂಡು ಬಂದು ಕ್ಯಾಮೆರಾ ಇಸಿದುಕೊಂಡು ಕಣ್ಣಿಗೆ ಹಿಡಿದರು. ಫೋಕಸ್ ಉಂಗುರ ತಿರುಗಿಸಿ ರಥದ ಕಡೆ ನೋಡಿದರು, ಒತ್ತಲಿಲ್ಲ. “ನಿಮ್ಮ ಫಿಲ್ಮು ನನಗ್ಯಾಕೆ ಖರ್ಚು ಮಾಡಲಿ,” ಎಂದು ವಾಪಸು ಕೊಟ್ಟು, ಹಗ್ಗದ ಬೇಲಿಯೊಳಗೆ ಒಂದು ಮೂಲೆ ತೋರಿಸಿದರು. “ಇಲ್ಲಿ ನಿಲ್ಲಿ. ತೊಲೆ ಎತ್ತುವಾಗ ಮಾತ್ರ ಹಿಂದೆ ಸರಿಯಿರಿ.”

ಆ ಮೂಲೆಯಲ್ಲಿ ನಿಂತೇ ನಾನು ಹೊಕೊದ ನಡುಗಂಬ ಏಳುವುದನ್ನು ನೋಡಿದೆ. ರಥದ ಹಂದರವನ್ನು ಪಕ್ಕಕ್ಕೆ ಮಲಗಿಸಿ, ಅದರೊಳಗೆ ಕಂಬ ತೂರಿಸಿ, ಎಲ್ಲವನ್ನೂ ಒಟ್ಟಿಗೆ ಹಗ್ಗ ಹಾಕಿ ನಿಧಾನಕ್ಕೆ ಎಬ್ಬಿಸುತ್ತಾರೆ. ಬೀದಿಯುದ್ದಕ್ಕೂ ಮಲಗಿದ್ದ ಕಂಬ ಅಕ್ಕಪಕ್ಕದ ಕಟ್ಟಡಗಳನ್ನು ದಾಟಿ ಆಕಾಶಕ್ಕೆ ನಿಂತಾಗ ಕೇರಿಯವರೆಲ್ಲ ಚಪ್ಪಾಳೆ ತಟ್ಟಿದರು. ಅಷ್ಟು ಹೊತ್ತಿನ ಕೆಲಸಕ್ಕೆ ನಾನು ಇಟ್ಟುಕೊಂಡದ್ದು ಕೆಲವೇ ಫ್ರೇಮು.

ಒಂದು ರೀಲಿನಲ್ಲಿ 36 ಚಿತ್ರ. ಫಿಲ್ಮಿನ ಸುಖವೆಲ್ಲ ಈ ಸಂಖ್ಯೆಯಿಂದಲೇ ಹುಟ್ಟುತ್ತದೆ ಎಂದು ನಾನು ನಂಬಿದ್ದೇನೆ. ತೆಗೆದ ಚಿತ್ರ ಆಗಲೇ ಕಾಣುವುದಿಲ್ಲ, ಆದ್ದರಿಂದ ತಲೆ ಬಗ್ಗಿಸಿ ಪರದೆ ನೋಡುವ ಕೆಲಸವಿಲ್ಲ. ಕಣ್ಣು ಬೀದಿಯಲ್ಲೇ ಇರುತ್ತದೆ. ಒತ್ತಿದ ಮರುಕ್ಷಣ ಏನಾಯಿತು ಎಂಬುದನ್ನೂ ನೀವು ನೋಡುತ್ತೀರಿ. ಎಷ್ಟೋ ಸಲ ಅಸಲಿ ಚಿತ್ರ ಸಿಗುವುದು ಆ ಮರುಕ್ಷಣದಲ್ಲೇ. ಎದುರಿಗಿರುವವರಿಗೂ ಇದು ತಿಳಿಯುತ್ತದೆ. ಸಾಲಾಗಿ ಹತ್ತಿಪ್ಪತ್ತು ಹೊಡೆದು ಮುಂದೆ ಓಡುವವಳಲ್ಲ, ಕಾಯುತ್ತಿದ್ದಾಳೆ, ನಮ್ಮ ಕೆಲಸದ ಲಯ ಹಿಡಿಯಲು ನೋಡುತ್ತಿದ್ದಾಳೆ ಎಂದು ಗೊತ್ತಾದಾಗ ಅವರ ಭುಜ ಸಡಿಲಾಗುತ್ತದೆ. ಡಿಜಿಟಲ್‌ನಲ್ಲಿ ಹೀಗೆ ಕಾಯಲು ಬರುವುದಿಲ್ಲವೇ ಎಂದು ಕೇಳಬಹುದು. ಬರುತ್ತದೆ, ಹಾಗೆ ಕಾಯುವ ದೊಡ್ಡವರನ್ನು ಬಲ್ಲೆ. ನನಗೆ ಆ ತಾಳ್ಮೆ ಕಲಿಸಿದ್ದು ಮಾತ್ರ ಫಿಲ್ಮು. ಪರದೇಶದಲ್ಲಿ, ಅರೆಬರೆ ಭಾಷೆಯಲ್ಲಿ, ಇನ್ನೊಬ್ಬರ ದೇವರ ಮುಂದೆ ನಿಂತಾಗ ಆ ತಾಳ್ಮೆಗಿಂತ ದೊಡ್ಡ ಗುರುತಿನ ಚೀಟಿ ಬೇರೊಂದಿಲ್ಲ.

ಮೆರವಣಿಗೆಯ ಹಿಂದಿನ ಸಂಜೆಗಳಿಗೆ ಯೋಯಿಯಾಮಾ ಎಂದು ಹೆಸರು. ಶಿಜೋ ರಸ್ತೆಯಲ್ಲಿ ವಾಹನ ನಿಲ್ಲಿಸಿಬಿಡುತ್ತಾರೆ. ಪ್ರತಿ ರಥದ ಮುಂದೆಯೂ ಕಾಗದದ ದೀಪಗಳನ್ನು ಗೋಪುರದಂತೆ ಪೇರಿಸಿ ಹಚ್ಚುತ್ತಾರೆ. ಮೇಲೆ ಕುಳಿತವರು ಕಂಚಿನ ಗಂಟೆ, ಡೋಲು, ಕೊಳಲು ನುಡಿಸುತ್ತಾರೆ; ‘ಕೊನ್ ಚಿಕಿ ಚಿನ್’ ಎಂದು ಆ ತಾಳವನ್ನು ಊರಿನವರು ಬಾಯಲ್ಲಿ ಹೇಳುತ್ತಾರೆ. ಪುಟ್ಟ ಹುಡುಗಿಯರು ಯುಕಾತಾ ಎಂಬ ನಿಲುವಂಗಿ ತೊಟ್ಟು ‘ಚಿಮಾಕಿ’ ಮಾರುತ್ತಾರೆ. ಬಿದಿರೆಲೆಯಂಥ ಎಲೆ ಸುತ್ತಿ ಕಟ್ಟಿದ ಸಣ್ಣ ಕಟ್ಟು ಅದು. ತಿನ್ನುವುದಕ್ಕಲ್ಲ, ರೋಗ ಬಾರದಿರಲೆಂದು ವರ್ಷವಿಡೀ ಬಾಗಿಲ ಮೇಲೆ ತೂಗುಹಾಕಲು. ಶಿನ್‌ಮಾಚಿ, ಮುರೊಮಾಚಿ ಬೀದಿಗಳ ಹಳೆಯ ವ್ಯಾಪಾರಿ ಮನೆಗಳು ಬೀದಿಬದಿಯ ಜಾಲರಿ ತೆಗೆದು, ತಮ್ಮ ಅಜ್ಜಂದಿರ ಕಾಲದ ಚಿತ್ರಪರದೆಗಳನ್ನು ದಾರಿಹೋಕರಿಗೂ ಕಾಣುವಂತೆ ನಿಲ್ಲಿಸುತ್ತವೆ. ಇನ್ನೊಂದು ಮಾತು: ಈ ತಿಂಗಳು ಗಿಯೋನ್ ದೇವರ ಗುಡಿಯಾದ ಯಸಾಕಾ ದೇವಸ್ಥಾನದ ಭಕ್ತರು ಸೌತೆಕಾಯಿ ತಿನ್ನುವುದಿಲ್ಲ. ಅಡ್ಡ ಕೊಯ್ದ ಸೌತೆಯ ಬಿಲ್ಲೆ ಯಸಾಕಾ ದೇವರ ಲಾಂಛನವನ್ನು ಹೋಲುತ್ತದೆಂದು. ಚಾತುರ್ಮಾಸ್ಯದಲ್ಲಿ ತರಕಾರಿ ಬಿಡುವ ಮನೆಯಿಂದ ಹೋದ ನನಗೆ ಇದು ತೀರ ಹತ್ತಿರದ ಸಂಗತಿಯಾಗಿ ಕಂಡಿತು.

ರಾತ್ರಿಗೆ ಬೇರೆ ಫಿಲ್ಮು ಬೇಕು. ಆಗ ಫ್ಯೂಜಿಯವರ ನಾಚುರಾ 1600 ಎಂಬ ಕಲರ್ ರೀಲು ಜಪಾನಿನ ಅಂಗಡಿಗಳಲ್ಲಿ ಸಿಗುತ್ತಿತ್ತು. ಈಗ ಅದು ನಿಂತುಹೋಗಿದೆ. ಲೆನ್ಸನ್ನು ಪೂರ್ತಿ ತೆರೆದು, ಸೆಕೆಂಡಿನ ಮೂವತ್ತನೆಯ ಒಂದು ಭಾಗಕ್ಕೆ ಇಟ್ಟು, ಉಸಿರು ಬಿಗಿಹಿಡಿದು, ಗೋಡೆಗೋ ಕಂಬಕ್ಕೋ ಒರಗಿ ತೆಗೆಯುವುದು. ಕಾಗದದ ದೀಪದ ಬೆಳಕು ಮುಖದ ಮೇಲೆ ಬಿದ್ದಾಗ ಆ ಫಿಲ್ಮು ಅದನ್ನು ಬೆಚ್ಚಗೆ, ತುಸು ಒರಟಾಗಿ, ಹರಳು ಹರಳಾಗಿ ಹಿಡಿಯುತ್ತಿತ್ತು. ಆ ಹರಳು ನನಗೆ ಬಹಳ ಇಷ್ಟ. ಕತ್ತಲೆ ಎಂಬುದು ಚಿತ್ರದಲ್ಲಿ ಖಾಲಿ ಜಾಗವಾಗಿ ಉಳಿಯದೆ, ಮುಟ್ಟಿದರೆ ಕೈಗೆ ಸಿಗುವಂತೆ ಇರುತ್ತದೆ.

ಅಂಥ ಒಂದು ಸಂಜೆ ತ್ಸುಕಿ ಹೊಕೊದ ಮುಂದೆ ನಿಂತಿದ್ದೆ. ಚಂದ್ರನ ರಥ ಅದು. ಚಾವಣಿಯ ಕೆಳಮೈಯಲ್ಲಿ 18ನೇ ಶತಮಾನದ ದೊಡ್ಡ ಕಲಾವಿದ ಮಾರುಯಾಮಾ ಓಕ್ಯೊ ಬರೆದ ಹೂವು ಹುಲ್ಲುಗಳಿವೆ. ಕೇರಿಯ ಯುವಕನೊಬ್ಬ ಅದನ್ನು ತೋರಿಸಿ, ಆಮೇಲೆ ರಥದ ಮುಂಭಾಗದ ರತ್ನಗಂಬಳಿಯತ್ತ ಕೈ ಮಾಡಿ, “ಇದು ನಿಮ್ಮ ಕಡೆಯದು, ಇಂಡಿಯಾದ್ದು,” ಎಂದ. ನಾನು ಹತ್ತಿರ ಹೋದೆ. ಗಾಢ ಕೆಂಪು ನೆಲ, ನಡುವೆ ಪದಕ, ಸುತ್ತ ಬಳ್ಳಿ. ಗಿಯೋನ್ ರಥಗಳ ಮೇಲೆ 17–18ನೇ ಶತಮಾನದ ಭಾರತೀಯ ರತ್ನಗಂಬಳಿಗಳು ಎಷ್ಟೋ ಇವೆ. ಅವುಗಳಲ್ಲಿ ಹಲವು ದಖ್ಖನಿನ ಮಗ್ಗದವು ಎಂದು ಜವಳಿ ವಿದ್ವಾಂಸರು ಗುರುತಿಸಿದ್ದಾರೆ. ಜಪಾನು ಹೊರಗಿನವರಿಗೆ ಬಾಗಿಲು ಹಾಕಿಕೊಂಡಿದ್ದ ಕಾಲದಲ್ಲಿ ಐರೋಪ್ಯರಲ್ಲಿ ಡಚ್ಚರ ಹಡಗುಗಳು ಮಾತ್ರ ನಾಗಸಾಕಿ ಬಂದರಿಗೆ ಬರಬಹುದಾಗಿತ್ತು. ಅವುಗಳಲ್ಲಿ ಬಂದ ರತ್ನಗಂಬಳಿಗಳನ್ನು ಕ್ಯೋಟೊದ ವ್ಯಾಪಾರಿಗಳು ಕೊಂಡು, ಮನೆಯ ನೆಲಕ್ಕೆ ಹಾಸದೆ, ದೇವರ ರಥಕ್ಕೆ ಹೊದೆಸಿದರು. ಹಳೆಯವನ್ನು ಈಗ ಜೋಪಾನವಾಗಿ ಎತ್ತಿಟ್ಟು ಅಂಥದ್ದೇ ಹೊಸದನ್ನು ನೇಯಿಸಿ ಕಟ್ಟುವುದುಂಟು. ಕಾಂಕೊ ಹೊಕೊದ ಮುಂದೆ 16ನೇ ಶತಮಾನದ ಬೆಲ್ಜಿಯಂ ಕಡೆಯ ಚಿತ್ರಪಟವಿದೆ. ಅದರ ಮೇಲಿರುವುದು ಬೈಬಲ್ಲಿನ ರೆಬೆಕಾ ನೀರು ಕೊಡುವ ಕಥೆ. ಕ್ರೈಸ್ತ ಧರ್ಮಕ್ಕೆ ದೇಶದಲ್ಲೇ ನಿಷೇಧವಿದ್ದ ಕಾಲದಲ್ಲೂ ಅದು ಬೀದಿಯಲ್ಲಿ ಮೆರೆದಿತ್ತು.

ದಖ್ಖನಿನ ಯಾವ ಊರು, ಯಾವ ಮನೆಯ ಮಗ್ಗವೋ. ನೇಯ್ದವರಿಗೆ ಇದು ಇಲ್ಲಿಗೆ ಬಂದು ಸೇರುತ್ತದೆ ಎಂದು ಕನಸಿನಲ್ಲೂ ಹೊಳೆದಿರಲಾರದು. ನಾನು ಆ ಕೆಂಪನ್ನು ಒಂದೇ ಒಂದು ಫ್ರೇಮಿನಲ್ಲಿ ತೆಗೆದೆ. ಮೂಲೆಯಲ್ಲಿ ರತ್ನಗಂಬಳಿಯ ಅಂಚನ್ನು ಸರಿಮಾಡುತ್ತಿದ್ದ ಯುವಕನ ಕೈ ಇದೆ. ನನ್ನ ಎಲ್ಲ ಚಿತ್ರಗಳಲ್ಲಿ ನನಗೆ ಹೆಚ್ಚು ಪ್ರೀತಿಯದು ಅದೇ.

17ರ ಮೆರವಣಿಗೆಯಲ್ಲಿ ಯಾವಾಗಲೂ ಮೊದಲು ಹೋಗುವುದು ನಾಗಿನಾತಾ ಹೊಕೊ. ಅಲಂಕಾರ ಮಾಡಿದ ಬಾಲಕನೊಬ್ಬನನ್ನು ಬಲಿಷ್ಠನೊಬ್ಬ ಹೆಗಲ ಮೇಲೆ ಹೊತ್ತು ರಥಕ್ಕೆ ಏರಿಸುತ್ತಾನೆ. ದೇವರ ಪ್ರತಿನಿಧಿಯಾದ ಆ ಮಗುವಿನ ಕಾಲು ನೆಲಕ್ಕೆ ತಾಗಬಾರದು. ಬೀದಿಗೆ ಅಡ್ಡ ಕಟ್ಟಿದ ಹಗ್ಗವನ್ನು ಅವನು ಕತ್ತಿಯಿಂದ ಕಡಿದ ಮೇಲೆಯೇ ದಾರಿ ತೆರೆಯುವುದು. ಈ ರಥವನ್ನು ಹೆಂಗಸರು ಹತ್ತುವಂತಿಲ್ಲ. ನನಗದು ಸರಿ ಕಾಣಲಿಲ್ಲ, ಇವತ್ತಿಗೂ ಕಾಣುವುದಿಲ್ಲ. ಅತಿಥಿಯಾಗಿ ಹೋದವಳು ನಿಯಮ ಮುರಿಯಲಿಲ್ಲ. ಕೆಳಗೆ ನಿಂತೇ ಚಿತ್ರ ತೆಗೆದೆ. ಬೇರೆ ಕೆಲವು ಕೇರಿಗಳು ಈಗ ವಾದ್ಯಮೇಳದಲ್ಲಿ ಹೆಣ್ಣುಮಕ್ಕಳಿಗೂ ಜಾಗ ಕೊಟ್ಟಿವೆ. ಮೆರವಣಿಗೆಗೆ ಕೆಲವು ದಿನ ಮೊದಲು, ಕಟ್ಟಿದ ರಥವನ್ನು ಪರೀಕ್ಷೆಗಾಗಿ ಎಳೆದು ನೋಡುವಾಗ ಹೆಂಗಸರು, ಮಕ್ಕಳು, ಹೊರಗಿನವರು ಯಾರು ಬೇಕಾದರೂ ಹಗ್ಗ ಹಿಡಿಯಬಹುದು. ಹಿಡಿದೆ. ಕ್ಯಾಮೆರಾವನ್ನು ಬೆನ್ನಿಗೆ ತಳ್ಳಿ ಎರಡೂ ಕೈಯಲ್ಲಿ ಎಳೆದೆ. ಆ ಹೊತ್ತಿನ ಒಂದು ಚಿತ್ರವೂ ನನ್ನ ಬಳಿ ಇಲ್ಲ, ಬೇಕೂ ಇಲ್ಲ.

17ರ ಬೆಳಿಗ್ಗೆ ನಾನು ಜಾಗ ಹಿಡಿದದ್ದು ಕಾವರಾಮಾಚಿ ಮತ್ತು ಓಯಿಕೆ ರಸ್ತೆ ಸೇರುವ ಮೂಲೆಯಲ್ಲಿ. ಈ ರಥಗಳಿಗೆ ತಿರುಗಿಸುವ ಅಚ್ಚು ಇಲ್ಲ. ನೇರ ಹೋಗುವಾಗ ದಾರಿ ತಪ್ಪಿದರೆ ಗಾಲಿಗೆ ಮರದ ತುಂಡು ಅಡ್ಡ ಕೊಟ್ಟು ಸರಿಪಡಿಸುತ್ತಾರೆ, ನಮ್ಮ ತೇರಿನಲ್ಲಿ ಮಾಡುವ ಹಾಗೆಯೇ. ಮೂಲೆ ತಿರುಗಬೇಕಾದಾಗ ಮಾತ್ರ ದೊಡ್ಡ ಸಾಹಸ. ಸೀಳಿದ ಹಸಿ ಬಿದಿರಿನ ದಬ್ಬೆಗಳನ್ನು ಮುಂದಿನ ಗಾಲಿಗಳ ಕೆಳಗೆ ಹಾಸಿ, ಮೇಲೆ ನೀರು ಸುರಿದು ಜಾರುವಂತೆ ಮಾಡುತ್ತಾರೆ. ಎಳೆಯುವವರು ಹಗ್ಗ ಹಿಡಿದು ರಥದ ಮುಂದಿನಿಂದ ಪಕ್ಕಕ್ಕೆ ಬರುತ್ತಾರೆ. ರಥದ ಮುಂಚಾವಡಿಯಲ್ಲಿ ನಿಂತ ಗಂಡಸರು ಬೀಸಣಿಗೆ ಎತ್ತಿ ಕೂಗು ಹಾಕುತ್ತಾರೆ. ಬೀಸಣಿಗೆ ಮುಂದಕ್ಕೆ ಚಾಚಿದ ಕ್ಷಣ ನಲವತ್ತು ಐವತ್ತು ಮಂದಿ ಒಮ್ಮೆಗೇ ಎಳೆಯುತ್ತಾರೆ. ಇಡೀ ರಥ, ಮೇಲೆ ಕುಳಿತ ವಾದ್ಯದವರು, ಚಾವಣಿಯ ಮೇಲೆ ವಿದ್ಯುತ್ ಕಂಬ ತಾಗದಂತೆ ಕಾಯುವವರು, ಆಕಾಶದಲ್ಲಿ ಓಲಾಡುವ ಕಂಬದ ತುದಿ, ಎಲ್ಲ ಸೇರಿ ಅಡ್ಡಕ್ಕೆ ಜಾರಿ ನಿಲ್ಲುತ್ತದೆ. ಬಿದಿರು ಸಿಡಿಯುವ ಸದ್ದು, ಆಮೇಲೆ ಜನರ ಉದ್ಗಾರ. ಹೀಗೆ ಎರಡು ಮೂರು ಎಳೆತಕ್ಕೆ ಮೂಲೆ ತಿರುಗುತ್ತದೆ.

ಜುಲೈಯಲ್ಲಿ ಕ್ಯೋಟೊದ ಸೆಕೆ ಕರಾವಳಿಯ ಮೇ ತಿಂಗಳಿಗೆ ಏನೂ ಕಡಿಮೆ ಇಲ್ಲ. ಸುತ್ತ ಬೆಟ್ಟ, ಗಾಳಿಯಾಡುವುದಿಲ್ಲ. ಪಕ್ಕದಲ್ಲಿ ಕುಳಿತಿದ್ದ ಅಜ್ಜಿ ತಮ್ಮ ಬಾಟಲಿಯಿಂದ ತಣ್ಣನೆಯ ಬಾರ್ಲಿ ಚಹಾ ಬಗ್ಗಿಸಿಕೊಟ್ಟರು. ಎಲ್ಲಿಯವಳು, ಏನು ಎಂದು ಕೇಳಿದ ಮೇಲೆ, “ಬೀಸಣಿಗೆ ನೋಡಬೇಡಿ, ಬೀಸಣಿಗೆ ಹಿಡಿದವನ ಮೊಣಕಾಲು ನೋಡಿ. ಅದು ಮೊದಲು ಬಗ್ಗುತ್ತದೆ,” ಎಂದು ಕಲಿಸಿದರು. ಚಿಕ್ಕಂದಿನಿಂದ ಇದೇ ಮೂಲೆಯಲ್ಲಿ ಕುಳಿತು ನೋಡಿದವರಂತೆ. ಅವರು ಹೇಳಿದ್ದು ನಿಜ. ಸೆಕೆಂಡಿನ 250ನೇ ಒಂದು ಭಾಗ, 400 ವೇಗದ ಟ್ರೈ-ಎಕ್ಸ್ ಕಪ್ಪುಬಿಳುಪು. ಮೊಣಕಾಲು ಬಗ್ಗಿದೊಡನೆ ಒತ್ತಿದರೆ ಎಳೆತದ ಉತ್ತುಂಗ ಸರಿಯಾಗಿ ಸಿಗುತ್ತಿತ್ತು. ಒಂದು ರಥ ದಾಟಿ ಇನ್ನೊಂದು ಬರುವ ನಡುವೆ ಬಿಸಿಲಿಗೆ ಬೆನ್ನು ಮಾಡಿ, ಮಡಿಲ ನೆರಳಿನಲ್ಲಿ ರೀಲು ಬದಲಿಸುತ್ತಿದ್ದೆ. ಅಜ್ಜಿ ತಮ್ಮ ಕೊಡೆಯನ್ನು ನನ್ನ ಕೈಗಳ ಮೇಲೆ ಹಿಡಿಯುತ್ತಿದ್ದರು. ಮುಗಿದ ರೀಲನ್ನು ಡಬ್ಬಿಗೆ ಹಾಕಿ ಮುಚ್ಚಳ ಒತ್ತುವುದನ್ನು ನೋಡಿ, “ಮುಗಿಯಿತಾ? ಈಗ ಅದರೊಳಗೆ ಎಲ್ಲ ಇದೆಯಲ್ಲವಾ?” ಎಂದರು. ಇದೆ ಎಂದೆ.

ಆ ವರ್ಷ ಹಬ್ಬಕ್ಕೆ ಇನ್ನೊಂದು ದೊಡ್ಡ ದಿನವಿತ್ತು. 1966ರಿಂದ ಎರಡು ಮೆರವಣಿಗೆಗಳನ್ನು ಸೇರಿಸಿ 17ರಂದೇ ಮುಗಿಸುತ್ತಿದ್ದರು. 2014ರಲ್ಲಿ ಮತ್ತೆ ಬೇರೆ ಮಾಡಿ, ಹಿಂದಿನ ಪದ್ಧತಿಯಂತೆ 24ಕ್ಕೆ ಎರಡನೆಯದನ್ನು ಹೊರಡಿಸಿದರು. 1864ರ ದಂಗೆಯಲ್ಲಿ ನಗರಕ್ಕೆ ಬೆಂಕಿ ಬಿದ್ದಾಗ ಸುಟ್ಟುಹೋಗಿದ್ದ ಓಫುನೆ ಹೊಕೊ, ಅಂದರೆ ದೋಣಿಯಾಕಾರದ ರಥ, ಹೊಸದಾಗಿ ಕಟ್ಟಿಸಿಕೊಂಡು 150 ವರ್ಷಗಳ ಮೇಲೆ ಅಂದು ಬೀದಿಗಿಳಿಯಿತು. ರಥವಿಲ್ಲದ ಅಷ್ಟೂ ಕಾಲ ಆ ಕೇರಿಯವರು ಬೆಂಕಿಯಿಂದ ಉಳಿಸಿಕೊಂಡಿದ್ದ ವಸ್ತ್ರ, ವಿಗ್ರಹಗಳನ್ನು ಕಾಪಾಡಿಕೊಂಡು ಬಂದಿದ್ದರು. ಇಡಲು ರಥವಿಲ್ಲ, ಆದರೂ ವಸ್ತ್ರಕ್ಕೆ ಹುಳು ಹಿಡಿಯಗೊಡಲಿಲ್ಲ. ಮೆರವಣಿಗೆಯ ಕೊನೆಗೆ ಆ ದೋಣಿ ಬಂದಾಗ ನನ್ನ ಎದುರಿನ ಸಾಲಿನಲ್ಲಿ ಜನ ಎದ್ದು ನಿಂತರು. ಹೊಸ ಮರ ಬೆಳ್ಳಗಿತ್ತು. ನಾನು ಕ್ಯಾಮೆರಾ ತಿರುಗಿಸಿ ಆ ಜನರನ್ನೇ ತೆಗೆದೆ.

ಕಪ್ಪುಬಿಳುಪು ರೀಲುಗಳನ್ನು ಮನೆಯಲ್ಲೇ ತೊಳೆಯುತ್ತಿದ್ದೆ. ನಮ್ಮ ಬಚ್ಚಲುಮನೆಯಲ್ಲಿ ಒಬ್ಬರು ನಿಂತರೆ ಇನ್ನೊಬ್ಬರಿಗೆ ಜಾಗವಿಲ್ಲ. ರಾತ್ರಿ ದೀಪ ಆರಿಸಿ, ಬಾಗಿಲ ಸಂದಿಗೆ ಟವೆಲು ತುರುಕಿ, ಬೆರಳ ತುದಿಯ ಲೆಕ್ಕದಲ್ಲೇ ಫಿಲ್ಮನ್ನು ಸುರುಳಿಗೆ ಏರಿಸಿ ಟ್ಯಾಂಕಿನೊಳಗೆ ಇಳಿಸುವುದು. ಡೆವಲಪರ್ ದ್ರಾವಣ 20 ಡಿಗ್ರಿ ಇರಬೇಕು; ಜುಲೈನ ನಲ್ಲಿನೀರು ಅದಕ್ಕಿಂತ ಎಷ್ಟೋ ಬಿಸಿ. ಐಸು ತುಂಬಿದ ಬೋಗುಣಿಯಲ್ಲಿ ಡಬ್ಬಿಯನ್ನು ಕೂರಿಸಿ ತಣಿಸಬೇಕು. ನಿಮಿಷಕ್ಕೊಮ್ಮೆ ಟ್ಯಾಂಕನ್ನು ಮಗುಚಿ ನೇರ ಮಾಡುವುದು, ಫಿಕ್ಸರ್ ಹಾಕುವುದು, ತೊಳೆಯುವುದು. ಕೊನೆಗೆ ಮುಚ್ಚಳ ತೆಗೆದು ಒದ್ದೆ ಸುರುಳಿಯ ತುದಿಯನ್ನು ಬೆಳಕಿಗೆ ಹಿಡಿದಾಗಿನ ಆ ಒಂದು ನಿಮಿಷಕ್ಕಾಗಿ ನಾನು ಇವತ್ತಿಗೂ ಎಲ್ಲ ಕಷ್ಟ ಪಡುತ್ತೇನೆ. ಊರಿನಿಂದ ಆಯಿ ಫೋನು ಮಾಡಿ, “ಎಲ್ಲಿ ಮಾರಾಯ್ತಿ, ತೇರಿನ ಫೋಟೊ ಕಳಿಸುತ್ತೇನೆ ಅಂದಿದ್ದೆ?” ಎಂದರೆ, “ಇನ್ನೂ ಒಣಗುತ್ತಾ ಇದೆ ಆಯಿ,” ಎನ್ನುತ್ತಿದ್ದೆ. ಹಬ್ಬ ಮುಗಿದ ಮೇಲೂ ನಮ್ಮ ಮನೆಯಲ್ಲಿ ಅದು ಹೀಗೆ ವಾರಗಟ್ಟಲೆ ನಡೆಯುತ್ತಿತ್ತು.

ಮರುವರ್ಷ ಜುಲೈಯಲ್ಲಿ ಹಗ್ಗ ಕಟ್ಟುವ ಹಿರಿಯರಿಗೆ ದೊಡ್ಡ ಪ್ರಿಂಟುಗಳನ್ನು ಒಯ್ದು ಕೊಟ್ಟೆ. ಅವರು ತಮ್ಮ ಮುಖ ನೋಡಲೇ ಇಲ್ಲ. ಕನ್ನಡಕ ಹಣೆಗೇರಿಸಿ ಹಗ್ಗದ ಸಾಲುಗಳನ್ನು ಒಂದೊಂದಾಗಿ ಓದಿದರು. ಒಂದು ಜಾಗದಲ್ಲಿ ಬೆರಳಿಟ್ಟು, “ಈ ಸುತ್ತು ಯಾರದ್ದು? ಸಡಿಲ ಇದೆ,” ಎಂದರು. ಉಳಿದವರು ಬಂದು ಬಗ್ಗಿ ನೋಡಿದರು, ಚರ್ಚೆ ಹತ್ತಿಕೊಂಡಿತು. ಕಡೆಗೆ ಅವರು ನನ್ನ ಕಡೆ ತಿರುಗಿ, “ಈ ಸಲ ಒಳಭಾಗದ್ದು ತೆಗೆಯಿರಿ. ಮೂಲೆಯ ಗಂಟು ಶುರುವಿನಿಂದ ಕೊನೆಯವರೆಗೆ. ಹೊಸ ಹುಡುಗರಿಗೆ ತೋರಿಸಲು ಬೇಕು,” ಎಂದರು. ಅಲ್ಲಿಯವರೆಗೆ ನಾನು ನನಗಾಗಿ ಚಿತ್ರ ತೆಗೆಯುತ್ತಿದ್ದೆ. ಆ ಬೆಳಿಗ್ಗೆಯಿಂದ ಕೇರಿಯ ಕೆಲಸಕ್ಕೆ ನಾನೂ ಒಬ್ಬಳಾದೆ. ಹಬ್ಬದ ಚಿತ್ರ ಮೊದಲು ಸೇರಬೇಕಾದ್ದು ಹಬ್ಬ ಮಾಡುವವರಿಗೆ. ಪ್ರದರ್ಶನ, ಪತ್ರಿಕೆ ಎಲ್ಲ ಆಮೇಲೆ. ಹೊರದೇಶದ ಉತ್ಸವಗಳನ್ನು ತೆಗೆಯಲು ಹೊರಟ ಎಳೆಯರು ಕೇಳಿದಾಗಲೆಲ್ಲ ನಾನು ಹೇಳುವುದು ಇದೊಂದನ್ನೇ: ತಿರುಗಿ ಹೋಗಿ, ಹೋಗುವಾಗ ಪ್ರಿಂಟು ಒಯ್ಯಿರಿ.

ದೊಡ್ಡ ಛಾಯಾಗ್ರಾಹಕರೂ ಹೀಗೆಯೇ ಮಾಡಿದ್ದಾರೆ. ಹಿರೋಷಿ ಹಮಾಯಾ ನೀಗಾತಾದ ಹಿಮದ ಹಳ್ಳಿಗೆ ಹೊಸವರ್ಷದ ಆಚರಣೆ ತೆಗೆಯಲು 1940ರಲ್ಲಿ ಹೋದವರು ಮತ್ತೆ ಮತ್ತೆ ಅಲ್ಲಿಗೇ ಹೋದರು. ಅವರ ‘ಯುಕಿಗುನಿ’ ಪುಸ್ತಕ ಬಂದದ್ದು 1956ರಲ್ಲಿ. ಸ್ಪೇನಿನ ಕ್ರಿಸ್ತೀನಾ ಗಾರ್ಸಿಯಾ ರೊದೆರೊ ತಮ್ಮ ದೇಶದ ಹಳ್ಳಿಹಬ್ಬಗಳ ಹಿಂದೆ ಹದಿನೈದು ವರ್ಷ ಅಲೆದು 1989ರಲ್ಲಿ ಪುಸ್ತಕ ತಂದರು. ಆ ಚಿತ್ರಗಳಲ್ಲಿ ಜನ ಕ್ಯಾಮೆರಾಕ್ಕೆ ಹೆದರಿದಂತೆ ಕಾಣುವುದಿಲ್ಲ.

ನಾವು ಬೆಂಗಳೂರಿಗೆ ಮರಳಿದ ಮೇಲೆ, ಪಿಡುಗನ್ನು ಓಡಿಸಲು ಹುಟ್ಟಿದ ಆ ಮೆರವಣಿಗೆ ಪಿಡುಗಿನಿಂದಲೇ ನಿಂತಿತು. 2020 ಮತ್ತು 2021ರಲ್ಲಿ ರಥಗಳು ಹೊರಡಲಿಲ್ಲ. ಆದರೂ 2021ರಲ್ಲಿ ಹಲವು ಕೇರಿಗಳು ತಮ್ಮ ರಥವನ್ನು ಕಟ್ಟಿ ನಿಲ್ಲಿಸಿದವು. ಕೈಗೆ ಅಭ್ಯಾಸ ತಪ್ಪಬಾರದೆಂದು. ಸುದ್ದಿಯ ಚಿತ್ರಗಳಲ್ಲಿ ನಾನು ಹುಡುಕಿದ್ದು ಹಗ್ಗದ ಸಾಲುಗಳನ್ನು. 2022ರಲ್ಲಿ ಮೆರವಣಿಗೆ ಮತ್ತೆ ಶುರುವಾದಾಗ, 1826ರ ಬಿರುಗಾಳಿಯಲ್ಲಿ ಹಾಳಾಗಿದ್ದ ತಾಕಾಯಾಮಾ ಎಂಬ ರಥವೂ 196 ವರ್ಷಗಳ ಮೇಲೆ ಬಂದು ಸೇರಿ, ಒಟ್ಟು ಸಂಖ್ಯೆ 34 ಆಯಿತು.

ಇದನ್ನೆಲ್ಲ ಬರೆಯುವಾಗ ನಮ್ಮ ಊರುಗಳ ನೆನಪು ಬಾರದೆ ಇರುವುದಿಲ್ಲ. ಕರ್ನಾಟಕದ ತೇರು, ಜಾತ್ರೆ, ಕೋಲ, ಬಯಲಾಟಗಳನ್ನು ದಶಕಗಳ ಕಾಲ ಫಿಲ್ಮಿನಲ್ಲಿ ಹಿಡಿದವರು ಸಣ್ಣ ಊರಿನ ಸ್ಟುಡಿಯೋದವರು. ಆ ಸ್ಟುಡಿಯೋಗಳು ಒಂದೊಂದಾಗಿ ಮುಚ್ಚುತ್ತಿವೆ. ನೆಗೆಟಿವ್‌ಗಳು ಗೆದ್ದಲು ಹಿಡಿದು, ಒಂದಕ್ಕೊಂದು ಅಂಟಿ, ಕಡೆಗೆ ಗುಜರಿಗೆ ಹೋಗುತ್ತಿವೆ. ನನಗೆ ಕೆಲಸ ಕಲಿಸಿದ ಅಣ್ಣನ ಪೆಟ್ಟಿಗೆಗಳನ್ನು ಅವರ ಮಕ್ಕಳು ನನಗೆ ಕೊಟ್ಟಿದ್ದಾರೆ. ಅದರಲ್ಲಿ ಬಿಡಕಿಬೈಲಿನ ಹಳೆಯ ಗದ್ದುಗೆ ಚಪ್ಪರದ, ರಥ ಕಟ್ಟುವವರ, ಹಗ್ಗ ಹಿಡಿದವರ ಚಿತ್ರಗಳಿವೆ. ಬಿಡುವಾದಾಗ ಒಂದೊಂದೇ ಪಟ್ಟಿಯನ್ನು ಒರೆಸಿ, ಬೆಳಕಿನ ಪೆಟ್ಟಿಗೆಯ ಮೇಲಿಟ್ಟು ಡಿಜಿಟಲ್ ಕ್ಯಾಮೆರಾದಲ್ಲಿ ಪ್ರತಿ ತೆಗೆಯುತ್ತಿದ್ದೇನೆ. ನಿಮ್ಮ ಮನೆಯ ಅಟ್ಟದಲ್ಲಿ, ಪರಿಚಯದ ಸ್ಟುಡಿಯೋದಲ್ಲಿ ಇಂಥ ನೆಗೆಟಿವ್‌ಗಳಿದ್ದರೆ ದಯವಿಟ್ಟು ಎಸೆಯಬೇಡಿ, ಎಸೆಯಲು ಬಿಡಬೇಡಿ. ಅಗ್ಗದ ಪ್ಲಾಸ್ಟಿಕ್ ಚೀಲದಿಂದ ತೆಗೆದು ಒಳ್ಳೆಯ ಕಾಗದದ ಲಕೋಟೆಗೆ ಹಾಕಿ, ತೇವವಿಲ್ಲದ ತಂಪಾದ ಜಾಗದಲ್ಲಿಡಿ. ಯಾವ ಊರು, ಯಾವ ವರ್ಷ, ಹಗ್ಗ ಹಿಡಿದವರು ಯಾರು ಎಂದು ಬಲ್ಲ ಹಿರಿಯರನ್ನು ಅವರು ಇರುವಾಗಲೇ ಕೇಳಿ, ಲಕೋಟೆಯ ಮೇಲೆ ಪೆನ್ಸಿಲಿನಲ್ಲಿ ಬರೆದಿಡಿ.